ಮಳೆ ಚಕ್ರದ ಮೇಲೆ ಬೆರಳಿಟ್ಟ ಜಾಗ

ಮೊಬೈಲ್ ಪರದೆಗೆ ವೃತ್ತದ ಪರಿಚಯವಿಲ್ಲ. ನಾವು ಎಷ್ಟೇ ದುಂಡಗೆ ಬಿಡಿಸಿದರೂ ಆಂಡ್ರಾಯ್ಡ್ ಪಾಲಿಗೆ ಅದು ಒಂದು ಚೌಕ. ಆ ಚೌಕದೊಳಗೆ ಎಲ್ಲಿ ಬೆರಳಿಟ್ಟರೂ ವ್ಯವಸ್ಥೆ ನಮ್ಮ ಕೈಗೆ ಒಪ್ಪಿಸುವುದು ಎರಡು ಸಂಖ್ಯೆಗಳನ್ನು ಮಾತ್ರ: ಎಡ ಅಂಚಿನಿಂದ ಎಷ್ಟು ದೂರ, ಮೇಲಿನ ಅಂಚಿನಿಂದ ಎಷ್ಟು ದೂರ. ಆ ಎರಡರಿಂದ ‘ಇವರು ಮುಟ್ಟಿದ್ದು ಆರಿದ್ರಾ ಮಳೆಯನ್ನು’ ಎಂಬ ತೀರ್ಮಾನಕ್ಕೆ ಬರುವ ಹೊಣೆ ಪೂರ್ತಿಯಾಗಿ ಕ್ರಮವಿಧಿ ಬರೆಯುವವರದು. ಕೋನದ ಲೆಕ್ಕ ಐದಾರು ಸಾಲುಗಳಲ್ಲಿ ಮುಗಿಯುತ್ತದೆ. ಆದರೆ ಸೊನ್ನೆ ಎಲ್ಲಿದೆ, ಎಣಿಕೆ ಯಾವ ಕಡೆಗೆ ಸುತ್ತುತ್ತದೆ, ಗಡಿಯ ಮೇಲೆ ಬಿದ್ದ ಬೆರಳು ಯಾರದು ಎಂಬ ಮೂರು ಪ್ರಶ್ನೆಗಳನ್ನು ಮೊದಲೇ ಇತ್ಯರ್ಥ ಮಾಡಿ ಒಂದೇ ಜಾಗದಲ್ಲಿ ಬರೆದಿಡದಿದ್ದರೆ ಆ ಐದಾರು ಸಾಲುಗಳು ಬೇರೆ ಬೇರೆ ಕಡತಗಳಲ್ಲಿ ಬೇರೆ ಬೇರೆ ಉತ್ತರ ಕೊಡಲು ತೊಡಗುತ್ತವೆ. ಈ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಅದನ್ನೇ.

ಉದಾಹರಣೆಗೆ ನಾನು ತೆಗೆದುಕೊಳ್ಳುವುದು ಬೀದರ್ ಕಡೆಯ ರೈತರಿಗಾಗಿ ಮಾಡುತ್ತಿರುವ ಒಂದು ಚಿಕ್ಕ ಬಿತ್ತನೆ ದಿನಚರಿ ಆ್ಯಪನ್ನು. ಯಾವ ಮಳೆಗೆ ಯಾವ ಹೊಲದಲ್ಲಿ ಏನು ಬಿತ್ತಿದೆವು, ಎಷ್ಟು ಬಂತು ಎಂದು ಬರೆದಿಡುವ ಆ ಪುಟದ ನಡುವೆ ಮಳೆ ನಕ್ಷತ್ರಗಳ ಚಕ್ರವಿದೆ. ಔರಾದ್, ಭಾಲ್ಕಿ, ಹುಮನಾಬಾದ್‌ಗಳಲ್ಲಿ ಹಿರಿಯರು ಬಿತ್ತನೆಯ ನೆನಪನ್ನು ಜೂನ್, ಜುಲೈ ಎಂದು ಹೇಳುವುದು ಕಡಿಮೆ; ಮೃಗಶಿರಕ್ಕೆ ಹೆಸರು, ಉದ್ದು ಹಾಕಿದೆವು, ಆರಿದ್ರಾ ಕೈಕೊಟ್ಟಿತು, ಪುನರ್ವಸುವಿಗೆ ತೊಗರಿ ಎದ್ದಿತು, ಉತ್ತರಾ ಮಳೆ ಹಿಡಿದುಕೊಂಡಿದ್ದರಿಂದ ಬಿಳಿಜೋಳದ ಬಿತ್ತನೆ ಹಿಂದೆ ಬಿತ್ತು ಎಂದು ಹೇಳುತ್ತಾರೆ. ತಿಂಗಳುಗಳ ಪಟ್ಟಿಯನ್ನು ಅವರ ಮುಂದಿಟ್ಟರೆ ಅವರು ಮನಸ್ಸಿನಲ್ಲಿ ಒಮ್ಮೆ ಲೆಕ್ಕ ಹಾಕಿ ಆಮೇಲೆ ಒತ್ತಬೇಕಾಗುತ್ತದೆ. ನಕ್ಷತ್ರಗಳನ್ನೇ ಮುಂದಿಟ್ಟರೆ ಆ ತೊಡಕಿಲ್ಲ. ನಕ್ಷತ್ರಗಳು ಸೂರ್ಯನ ದಾರಿಯ ಸಮಪಾಲುಗಳಾದ್ದರಿಂದ ಅವನ್ನು ವೃತ್ತದಲ್ಲಿ ತೋರಿಸುವುದಕ್ಕೆ ಅಂದಕ್ಕಿಂತ ಮಿಗಿಲಾದ ಕಾರಣವೂ ಇದೆ.

ಇಪ್ಪತ್ತೇಳು ನಕ್ಷತ್ರಗಳಿಗೆ 360 ಡಿಗ್ರಿಗಳನ್ನು ಹಂಚಿದರೆ ಒಂದೊಂದಕ್ಕೆ 13 ಡಿಗ್ರಿ 20 ಮಿನಿಟು ಸಿಗುತ್ತದೆ. ಪಂಚಾಂಗಕ್ಕೆ ಇದು ಸಾಕು, ಹೆಬ್ಬೆರಳಿಗೆ ಸಾಲದು. ಮುಟ್ಟುವ ಯಾವ ಗುರಿಯೂ 48 ಡಿಪಿಗಿಂತ ಕಿರಿದಾಗಿರಬಾರದೆಂದು ಆಂಡ್ರಾಯ್ಡ್ ಮಾರ್ಗಸೂಚಿ ಹೇಳುತ್ತದೆ. ಡಿಪಿ ಎಂಬುದು ಪರದೆಯ ಮೇಲಿನ ಉದ್ದಕ್ಕೆ ಆಂಡ್ರಾಯ್ಡ್ ಬಳಸುವ ಮಾನ; 160 ಡಿಪಿಗೆ ಒಂದು ಇಂಚು ಎಂಬ ಅಳತೆಯಲ್ಲಿ ಇದು ಸುಮಾರು 7.6 ಮಿಲಿಮೀಟರ್. ಕಂಸದ, ಅಂದರೆ ವೃತ್ತದ ಅಂಚಿನ ತುಂಡಿನ, ಉದ್ದವೆಂದರೆ ತ್ರಿಜ್ಯವನ್ನು ರೇಡಿಯನ್‌ಗಳಲ್ಲಿರುವ ಕೋನದಿಂದ ಗುಣಿಸಿದ ಗುಣಲಬ್ಧ. 13 ಡಿಗ್ರಿ 20 ಮಿನಿಟು ಎಂದರೆ 0.2327 ರೇಡಿಯನ್ ಆದುದರಿಂದ 48 ಡಿಪಿಯ ಕಂಸ ಬೇಕಿದ್ದರೆ ತ್ರಿಜ್ಯ 206 ಡಿಪಿ, ವ್ಯಾಸ 412 ಡಿಪಿ ಇರಬೇಕಾಗುತ್ತದೆ. ಸಾಧಾರಣ ಬೆಲೆಯ ಫೋನ್‌ಗಳ ಪರದೆ ಅನೇಕವೇಳೆ 360 ಡಿಪಿ ಅಗಲದ್ದಾಗಿರುವುದರಿಂದ ಇಡೀ ಚಕ್ರ ಅದರಲ್ಲಿ ಹಿಡಿಸುವುದೇ ಇಲ್ಲ. ಅದೃಷ್ಟಕ್ಕೆ ಬಿತ್ತುವವರಿಗೆ ಇಪ್ಪತ್ತೇಳೂ ಬೇಕಿಲ್ಲ. ಮೇ ಕೊನೆಯ ವಾರದಲ್ಲಿ ಆರಂಭವಾಗುವ ರೋಹಿಣಿಯಿಂದ ಅಕ್ಟೋಬರ್ ಕೊನೆಯ ವಾರದಲ್ಲಿ ಆರಂಭವಾಗುವ ಸ್ವಾತಿಯವರೆಗೆ ಎಣಿಸಿದರೆ ಸರಿಯಾಗಿ ಹನ್ನೆರಡು ಮಳೆಗಳು ಸಿಗುತ್ತವೆ. ಹನ್ನೆರಡೆಂದರೆ ಒಂದಕ್ಕೆ 30 ಡಿಗ್ರಿ. ಗಡಿಯಾರದ ಮುಖವನ್ನು ಬಲ್ಲ ಯಾರಿಗೂ ಈ ಹಂಚಿಕೆ ಹೊಸದಲ್ಲ.

ಈಗ ಲೆಕ್ಕಕ್ಕೆ ಬರೋಣ. ಬೆರಳಿನ ಜಾಗದಿಂದ ಕೇಂದ್ರದ ಜಾಗವನ್ನು ಕಳೆದರೆ ಅಡ್ಡ ಅಂತರ, ಲಂಬ ಅಂತರ ಎಂಬ ಎರಡು ಸಂಖ್ಯೆಗಳು ಉಳಿಯುತ್ತವೆ. ಮೊದಲ ಎಡವಟ್ಟು ಇಲ್ಲೇ ಕಾದಿರುತ್ತದೆ, ಏಕೆಂದರೆ ಕೇಂದ್ರ ಎಲ್ಲಿದೆ ಎಂಬುದು ತೋರುವಷ್ಟು ನಿಚ್ಚಳವಲ್ಲ. ಆಂಡ್ರಾಯ್ಡ್‌ನಲ್ಲಿ ಎಡಬಲದ ಪ್ಯಾಡಿಂಗ್ (ಅಂಚಿನೊಳಗೆ ಬಿಡುವ ಖಾಲಿ ಜಾಗ) ಸಮವಿಲ್ಲದಿದ್ದರೆ ಅಗಲದ ಅರ್ಧವು ಬಿಡಿಸಿದ ವೃತ್ತದ ಕೇಂದ್ರವಾಗಿರುವುದಿಲ್ಲ. ಜಾಲಪುಟದಲ್ಲಿ ಆಫ್‌ಸೆಟ್‌ಎಕ್ಸ್ ಎಂಬ ಬೆಲೆಯನ್ನು ನೆಚ್ಚಿದರೆ ಇನ್ನೊಂದು ಬಗೆಯ ತೊಡಕು: ಅದು ಬೆರಳು ತಗುಲಿದ ಘಟಕಕ್ಕೆ ಸಂಬಂಧಿಸಿದ ಬೆಲೆಯಾದ್ದರಿಂದ, ಚಕ್ರದೊಳಗೆ ‘ಹಸ್ತ’ ಎಂದು ಬರೆದ ಪುಟ್ಟ ಪಟ್ಟಿಯನ್ನು ಮುಟ್ಟಿದರೆ ಆ ಪಟ್ಟಿಯ ಮೂಲೆಯಿಂದ ಅಳೆದ ದೂರ ಸಿಗುತ್ತದೆಯೇ ಹೊರತು ಚಕ್ರದ ಮೂಲೆಯಿಂದ ಅಳೆದದ್ದಲ್ಲ. ಚಕ್ರದ ಆವರಣ ಚೌಕವನ್ನು ಕೇಳಿ ಪಡೆದು, ಅದರ ನಡುಬಿಂದುವನ್ನು ಪುಟದಲ್ಲಿ ಬೆರಳಿರುವ ಜಾಗದಿಂದ ಕಳೆಯುವುದು ಹೆಚ್ಚು ನೆಚ್ಚಬಹುದಾದ ದಾರಿ. ಚಕ್ರವನ್ನು ಓರೆಯಾಗಿ ತಿರುಗಿಸಿದ್ದರೂ ಆ ನಡುಬಿಂದು ಕದಲುವುದಿಲ್ಲ. ಆವರಣ ಚೌಕದ ಅಗಲ ಮಾತ್ರ ಹಿಗ್ಗುತ್ತದೆ. ಹಾಗಾಗಿ ಕೇಂದ್ರವನ್ನು ಅಲ್ಲಿಂದ ಪಡೆದರೂ ತ್ರಿಜ್ಯವನ್ನು ಅಲ್ಲಿಂದ ಪಡೆಯಬಾರದು.

ಅಂತರಗಳಿಂದ ಕೋನಕ್ಕೆ ಹೋಗುವಾಗ ಶಾಲೆಯಲ್ಲಿ ಕಲಿತ ತ್ರಿಕೋನಮಿತಿ ಒಂದು ಹೆಜ್ಜೆ ಹಿಂದೆ ಉಳಿಯುತ್ತದೆ. ಲಂಬ ಅಂತರವನ್ನು ಅಡ್ಡ ಅಂತರದಿಂದ ಭಾಗಿಸಿ ವಿಲೋಮ ಟ್ಯಾಂಜೆಂಟ್ ತೆಗೆದರೆ ಮೇಲಿನ ಬಲಭಾಗಕ್ಕೂ ಕೆಳಗಿನ ಎಡಭಾಗಕ್ಕೂ ಒಂದೇ ಉತ್ತರ ಬರುತ್ತದೆ, ಏಕೆಂದರೆ ಭಾಗಾಕಾರದಲ್ಲಿ ಎರಡು ಋಣಚಿಹ್ನೆಗಳು ಒಂದನ್ನೊಂದು ನುಂಗಿಹಾಕುತ್ತವೆ. ಬೆರಳು ಕೇಂದ್ರದ ನೇರ ಮೇಲಿದ್ದರಂತೂ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಇದಕ್ಕೆಂದೇ ಬಹುತೇಕ ಎಲ್ಲ ಕ್ರಮವಿಧಿ ಭಾಷೆಗಳಲ್ಲೂ ಏಟ್ಯಾನ್2 ಎಂಬ ಫಲನ (ಫಂಕ್ಷನ್) ಇದೆ. ಅದು ಎರಡು ಅಂತರಗಳನ್ನೂ ಬೇರೆಬೇರೆಯಾಗಿ ತೆಗೆದುಕೊಂಡು, ಚಿಹ್ನೆಗಳನ್ನು ನೋಡಿ, ಋಣ 180ರಿಂದ ಧನ 180 ಡಿಗ್ರಿವರೆಗಿನ ಪೂರ್ಣ ಸುತ್ತಿನಲ್ಲಿ ಉತ್ತರ ಕೊಡುತ್ತದೆ. ಉತ್ತರ ರೇಡಿಯನ್‌ಗಳಲ್ಲಿರುತ್ತದೆಂಬುದನ್ನು ಮರೆಯದಿದ್ದರೆ ಸಾಕು.

ಗಣಿತದ ಪುಸ್ತಕದಲ್ಲಿ ಸೊನ್ನೆ ಡಿಗ್ರಿ ಪೂರ್ವಕ್ಕಿರುತ್ತದೆ, ಕೋನ ಎಡಸುತ್ತಾಗಿ ಬೆಳೆಯುತ್ತದೆ. ಪರದೆಯಲ್ಲಿ ಲಂಬ ಅಕ್ಷ ಕೆಳಮುಖವಾಗಿರುವುದರಿಂದ ಅದೇ ಫಲನಕ್ಕೆ ಅದೇ ಕ್ರಮದಲ್ಲಿ ಅಂತರಗಳನ್ನು ಕೊಟ್ಟರೆ ಕೋನ ಬಲಸುತ್ತಾಗಿ ಬೆಳೆಯುತ್ತದೆ. ಇದನ್ನು ಅರಿಯದವರು ಎಲ್ಲೋ ಒಂದು ಋಣಚಿಹ್ನೆ ಸೇರಿಸಿ, ಇನ್ನೆಲ್ಲೋ 90 ಕೂಡಿಸಿ, ಮತ್ತೊಂದು ಕಡೆ 360ರಿಂದ ಕಳೆದು ಹೇಗೋ ಸರಿಹೊಂದಿಸಿದ ಕ್ರಮವಿಧಿಗಳು ಬೇಕಾದಷ್ಟಿವೆ; ಅವು ಕೆಲಸ ಮಾಡುತ್ತವೆ, ಆದರೆ ಆರು ತಿಂಗಳ ನಂತರ ಅವನ್ನು ಮುಟ್ಟಲು ಯಾರಿಗೂ ಧೈರ್ಯ ಬರುವುದಿಲ್ಲ. ನನಗೆ ಬೇಕಾದದ್ದು ಗಡಿಯಾರದ ರೀತಿ: ಸೊನ್ನೆ ನೆತ್ತಿಯಲ್ಲಿ, ಎಣಿಕೆ ಬಲಸುತ್ತಿನಲ್ಲಿ. ಅದಕ್ಕೆ ಏಟ್ಯಾನ್2 ಫಲನದ ಮೊದಲ ಜಾಗದಲ್ಲಿ ಅಡ್ಡ ಅಂತರವನ್ನೂ ಎರಡನೆಯ ಜಾಗದಲ್ಲಿ ಚಿಹ್ನೆ ಬದಲಿಸಿದ ಲಂಬ ಅಂತರವನ್ನೂ ಇಟ್ಟರೆ ಸಾಕು; ತಿದ್ದುಪಡಿಯ ಬೇರೆ ಯಾವ ಸಂಖ್ಯೆಯೂ ಬೇಕಾಗುವುದಿಲ್ಲ. ಬೆರಳು ನೇರ ಮೇಲಿದ್ದರೆ ಸೊನ್ನೆ, ನೇರ ಬಲಕ್ಕಿದ್ದರೆ 90 ಬರುತ್ತದೆ, ನೇರ ಎಡಕ್ಕಿದ್ದರೆ ಋಣ 90 ಬರುತ್ತದೆ.

ಆ ಋಣ ಸಂಖ್ಯೆಗೆ 360 ಕೂಡಿಸಿ 270 ಮಾಡಿಕೊಳ್ಳಬೇಕು. ಶೇಷ ತೆಗೆಯುವ ಚಿಹ್ನೆಯಿಂದಲೇ ಇದು ಆಗಿಬಿಡುತ್ತದೆಂದು ನಂಬುವ ಮೊದಲು ನಾವು ಬರೆಯುತ್ತಿರುವ ಭಾಷೆ ಯಾವುದೆಂದು ನೋಡಿಕೊಳ್ಳಬೇಕು: ಋಣ 10ನ್ನು 360ರಿಂದ ಭಾಗಿಸಿದಾಗ ಪೈಥಾನ್ 350 ಎನ್ನುತ್ತದೆ, ಜಾವಾ, ಕಾಟ್ಲಿನ್, ಜಾವಾಸ್ಕ್ರಿಪ್ಟ್‌ಗಳಲ್ಲಿ ಅದೇ ಚಿಹ್ನೆ ಋಣ 10 ಎನ್ನುತ್ತದೆ. ಇದರ ಬಳಿಕ ಅರ್ಧಭಾಗದ ಮಾತು ಬರುತ್ತದೆ. ರೋಹಿಣಿಯ ನಡುಗೆರೆ ನೆತ್ತಿಯಲ್ಲಿರಬೇಕೆಂದರೆ ಆ ಭಾಗ ಋಣ 15ರಿಂದ ಧನ 15ರವರೆಗೆ ಹರಡಿರುತ್ತದೆ. ಆದ್ದರಿಂದ ಕೋನಕ್ಕೆ 15 ಕೂಡಿಸಿ, 30ರಿಂದ ಭಾಗಿಸಿ, ಕೆಳಗಿನ ಪೂರ್ಣಾಂಕವನ್ನು ತೆಗೆದುಕೊಂಡು, ಆ ಪೂರ್ಣಾಂಕವನ್ನು ಮತ್ತೆ ಹನ್ನೆರಡರಿಂದ ಭಾಗಿಸಿದ ಶೇಷವೇ ಭಾಗದ ಕ್ರಮಸಂಖ್ಯೆ: ರೋಹಿಣಿ ಸೊನ್ನೆ, ಸ್ವಾತಿ ಹನ್ನೊಂದು. ಕೆಳಗಿನ ಪೂರ್ಣಾಂಕವೆಂದರೆ ದಶಾಂಶವನ್ನು ಕತ್ತರಿಸುವುದಲ್ಲ. ಋಣ ಸಂಖ್ಯೆ ಉಳಿದಿರುವಾಗ ಕತ್ತರಿಸಿದರೆ ಋಣ 0.4 ಕೂಡ ಸೊನ್ನೆಯಾಗಿ, ಮೊದಲ ಭಾಗ ಮಾತ್ರ ಉಳಿದವಕ್ಕಿಂತ ಎರಡು ಪಟ್ಟು ಅಗಲವಾಗಿ ವರ್ತಿಸತೊಡಗುತ್ತದೆ.

ಕೊನೆಯಲ್ಲಿ ಹನ್ನೆರಡರ ಶೇಷ ತೆಗೆಯುವುದು ಅತಿ ಎಚ್ಚರದಂತೆ ಕಾಣಬಹುದು. ಅರ್ಧಭಾಗ ಕೂಡಿಸಿದ್ದರಿಂದ ಸ್ವಾತಿಯ ಆಚೆಗಿನ 15 ಡಿಗ್ರಿಗಳು ಹನ್ನೆರಡನೆಯ ಸಂಖ್ಯೆಯಾಗಿ ಹೊರಬರುತ್ತವೆ, ಅವನ್ನು ಸೊನ್ನೆಗೆ ಮರಳಿಸಬೇಕು ಎಂಬುದು ಕಣ್ಣಿಗೆ ಕಾಣುವ ಕಾರಣ. ಅರ್ಧಭಾಗ ಕೂಡಿಸದ ಚಕ್ರದಲ್ಲೂ ಇದು ಬೇಕು ಎಂಬುದಕ್ಕೆ ಇನ್ನಷ್ಟು ಸೂಕ್ಷ್ಮವಾದ ಕಾರಣವೊಂದಿದೆ. ಆಂಡ್ರಾಯ್ಡ್ ಕೊಡುವ ಜಾಗದ ಬೆಲೆಗಳು 32 ಬಿಟ್‌ನ ದಶಾಂಶ ಸಂಖ್ಯೆಗಳು; 360ರ ಆಸುಪಾಸಿನಲ್ಲಿ ಅಂಥ ಎರಡು ಅಕ್ಕಪಕ್ಕದ ಸಂಖ್ಯೆಗಳ ನಡುವೆ ಸುಮಾರು 0.00003ರಷ್ಟು ಅಂತರವಿರುತ್ತದೆ. ಕೋನ ಋಣ 0.00001 ಡಿಗ್ರಿ ಬಂದು ಅದಕ್ಕೆ 360 ಕೂಡಿಸಿದರೆ ಗಣಿತದ ಪ್ರಕಾರ 360ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬರಬೇಕು; ಯಂತ್ರದಲ್ಲಿ ಮಾತ್ರ ಸರಿಯಾಗಿ 360 ಬರುತ್ತದೆ. 30ರಿಂದ ಭಾಗಿಸಿದರೆ ಹನ್ನೆರಡು. ಹನ್ನೊಂದಕ್ಕೆ ಮುಗಿಯುವ ಪಟ್ಟಿಯಲ್ಲಿ ಹನ್ನೆರಡನೆಯದನ್ನು ಹುಡುಕಿಕೊಂಡು ಹೋದ ಆ್ಯಪ್ ಅಲ್ಲೇ ಕುಸಿಯುತ್ತದೆ. ಮೇಜಿನ ಮುಂದೆ ಕುಳಿತು ಪರೀಕ್ಷಿಸುವಾಗ ಇಂಥದು ಎದುರಾಗುವುದು ತೀರಾ ಅಪರೂಪವಾದ್ದರಿಂದಲೇ ಆ ಒಂದು ಶೇಷವನ್ನು ಬರೆದು ನಿಶ್ಚಿಂತೆಯಿಂದಿರುವುದು ಮೇಲು.

ಕೋನ ಒಂದೇ ಸಾಲದು, ದೂರವೂ ಬೇಕು. ಬೀದರ್‌ನ ಹಳೆಯ ಊರಿನ ನಡುವೆ ನಾಲ್ಕು ದಾರಿಗಳು ಕೂಡುವಲ್ಲಿ ನಿಂತಿರುವ ದುಂಡನೆಯ ಚೌಬಾರಾ ಗೋಪುರದ ಬುಡದಲ್ಲಿ ಕೆಲವು ಹೆಜ್ಜೆ ಸರಿದರೆ ಒಂದು ದಾರಿಯಿಂದ ಇನ್ನೊಂದು ದಾರಿಗೆ ಬಂದಿರುತ್ತೇವೆ; ಅದೇ ದಾರಿಗಳ ತುದಿಯಲ್ಲಿ ನಿಂತವರು ಒಂದರಿಂದ ಇನ್ನೊಂದಕ್ಕೆ ಹೋಗಲು ಓಣಿಗಳನ್ನು ದಾಟಿ ಬಹಳ ದೂರ ನಡೆಯಬೇಕು. ಚಕ್ರದ ಕೇಂದ್ರದಲ್ಲೂ ಹೀಗೆಯೇ. ಕೇಂದ್ರದಿಂದ 5 ಡಿಪಿ ದೂರದಲ್ಲಿರುವ ಬೆರಳು ಅಡ್ಡಕ್ಕೆ ಒಂದೇ ಡಿಪಿ ಕದಲಿದರೂ ಕೋನ 11 ಡಿಗ್ರಿಗಿಂತ ಹೆಚ್ಚು ಬದಲಾಗುತ್ತದೆ. 120 ಡಿಪಿ ದೂರದಲ್ಲಿ ಅದೇ ಕದಲಿಕೆಗೆ ಕೋನ ಅರ್ಧ ಡಿಗ್ರಿಯೂ ಬದಲಾಗುವುದಿಲ್ಲ. ಹಾಗಾದರೆ ಒಳಗಿನ ಎಷ್ಟು ಭಾಗವನ್ನು ಮುಟ್ಟಿದರೂ ಲೆಕ್ಕಕ್ಕಿಲ್ಲ ಎಂದು ಬಿಟ್ಟುಬಿಡಬೇಕು? ಇದನ್ನು ಅಂದಾಜಿಗೆ ಬಿಡಬೇಕಾಗಿಲ್ಲ. 30 ಡಿಗ್ರಿಯ ಕಂಸ 48 ಡಿಪಿ ಅಗಲವಾಗುವುದು ತ್ರಿಜ್ಯ ಸುಮಾರು 92 ಡಿಪಿ ಆದಾಗ. ಹೊರ ತ್ರಿಜ್ಯ 150 ಡಿಪಿ ಇಟ್ಟುಕೊಂಡರೆ 92ರಿಂದ 150ರವರೆಗಿನ ಬಳೆಯಂಥ ಪಟ್ಟಿ ಮಾತ್ರ ಮುಟ್ಟುವ ಜಾಗ. ಒಳಗಿನ ಬಿಲ್ಲೆಯಲ್ಲಿ ಆಯ್ದ ಮಳೆಯ ಹೆಸರನ್ನೂ ಅದರ ದಿನಾಂಕಗಳನ್ನೂ ದಪ್ಪ ಅಕ್ಷರದಲ್ಲಿ ಬರೆಯಲು ಬೇಕಾದಷ್ಟು ಜಾಗ ಸಿಗುತ್ತದೆ. ಚಕ್ರದ ವಿನ್ಯಾಸವನ್ನು ಮೊದಲು ಚಿತ್ರವಾಗಿ ಬಿಡಿಸಿ ಆಮೇಲೆ ಬೆರಳನ್ನು ಅದಕ್ಕೆ ಹೊಂದಿಸುವುದಕ್ಕಿಂತ, ಬೆರಳಿನ ಅಳತೆಯೇ ವಿನ್ಯಾಸವನ್ನು ಹೇಳುವಂತೆ ಮಾಡುವುದು ನನಗೆ ಹೆಚ್ಚು ಸರಿ ಎನಿಸುತ್ತದೆ. ದೂರವನ್ನು ಹೋಲಿಸುವಾಗ ವರ್ಗಮೂಲ ತೆಗೆಯಬೇಕಾಗಿಲ್ಲ, ಎರಡು ಅಂತರಗಳ ವರ್ಗಗಳ ಮೊತ್ತವನ್ನು ತ್ರಿಜ್ಯದ ವರ್ಗದೊಂದಿಗೆ ಹೋಲಿಸಿದರಾಯಿತು. ಇಂದಿನ ಫೋನ್‌ಗಳಲ್ಲಿ ಇದರಿಂದ ಉಳಿಯುವ ಸಮಯ ಲೆಕ್ಕಕ್ಕೆ ಬರುವಂಥದ್ದಲ್ಲ, ಬರೆಯಲು ಚೊಕ್ಕವಾಗಿರುತ್ತದೆ ಅಷ್ಟೆ.

ಇಷ್ಟೆಲ್ಲ ಲೆಕ್ಕ ಏಕೆ, ಹನ್ನೆರಡು ತುಂಡುಗಳನ್ನು ಬೇರೆಬೇರೆ ಆಕಾರಗಳಾಗಿ ಇಟ್ಟು ಯಾವುದನ್ನು ಮುಟ್ಟಿದರೆಂದು ವ್ಯವಸ್ಥೆಯನ್ನೇ ಕೇಳಬಾರದೇ ಎಂಬ ಪ್ರಶ್ನೆ ಸಹಜ. ಜಾಲಪುಟದಲ್ಲಿ ಎಸ್‌ವಿಜಿ ಎಂಬ ಚಿತ್ರ ಮಾದರಿಯನ್ನು ಬಳಸಿ ಹಾಗೆ ಮಾಡಬಹುದು, ಬರಿಯ ಒತ್ತುವಿಕೆಗೆ ಅದು ಲೆಕ್ಕಕ್ಕಿಂತ ಒಳ್ಳೆಯದೇ. ಆದರೆ ಬೆರಳನ್ನು ಎತ್ತದೆ ಒಂದು ಭಾಗದಿಂದ ಇನ್ನೊಂದಕ್ಕೆ ಜಾರಿಸಿದಾಗ ಮೊದಲು ಮುಟ್ಟಿದ ತುಂಡೇ ಆ ಸ್ಪರ್ಶದ ಎಲ್ಲ ಸುದ್ದಿಯನ್ನೂ ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಪಕ್ಕದ ತುಂಡಿಗೆ ಬೆರಳು ಬಂದದ್ದೇ ತಿಳಿಯುವುದಿಲ್ಲ. ಇದು ಬ್ರೌಸರ್‌ನ ದೋಷವಲ್ಲ, ಬೆರಳಿನ ಸ್ಪರ್ಶಕ್ಕೆ ನಿಯಮವೇ ಹಾಗಿದೆ. ಜಾರಿಸುವ ಚಕ್ರವಾದರೆ ಕೋನದ ಲೆಕ್ಕಕ್ಕೆ ಮರಳುವುದು ಸರಳ.

ಆಕಾರವೇ ಸಮಪಾಲಾಗಿಲ್ಲದಿದ್ದರೆ ಮಾತು ಬೇರೆ. ಬಿದರಿ ತಟ್ಟೆಯೊಂದರ ಮೇಲಿನ ಬೆಳ್ಳಿಯ ಹೂಬಳ್ಳಿಯನ್ನೇ ನಿಯಂತ್ರಣವಾಗಿ ಬಳಸಿದರೆ ಹೇಗಿರುತ್ತದೆಂದು ಒಬ್ಬ ಗೆಳೆಯರು ಕೇಳಿದರು. ಬಾಗಿದ ಎಸಳು, ಒಂದರ ಮೇಲೊಂದು ಬರುವ ಎಲೆ, ನಡುನಡುವೆ ಕಪ್ಪು ಬಯಲು: ಅಲ್ಲಿ ಕೋನ ಏನನ್ನೂ ಹೇಳುವುದಿಲ್ಲ. ಆಗ ಮಾಡಬಹುದಾದದ್ದು ಕಣ್ಣಿಗೆ ಕಾಣದ ಇನ್ನೊಂದು ಚಿತ್ರವನ್ನು ಅದೇ ಅಳತೆಯಲ್ಲಿ ಇಟ್ಟುಕೊಂಡು, ಪ್ರತಿ ಎಸಳಿಗೂ ಒಂದೊಂದು ಬಣ್ಣ ತುಂಬಿ, ಬೆರಳು ಬಿದ್ದ ಬಿಂದುವಿನ ಬಣ್ಣವನ್ನು ಆ ಚಿತ್ರದಲ್ಲಿ ಓದುವುದು. ಆ ಮರೆಯ ಚಿತ್ರದಲ್ಲಿ ಅಂಚುಗಳನ್ನು ನಯಗೊಳಿಸುವ ಸೌಲಭ್ಯವನ್ನು ನಿಲ್ಲಿಸಿರಬೇಕು; ಇಲ್ಲವಾದರೆ ಎರಡು ಎಸಳುಗಳ ನಡುವೆ ಎರಡೂ ಬಣ್ಣಗಳು ಬೆರೆತು, ಸಂಬಂಧವೇ ಇಲ್ಲದ ಮೂರನೆಯ ಎಸಳಿನ ಬಣ್ಣವಾಗಿ ಓದಿಕೊಳ್ಳಬಹುದು. ಮಳೆ ಚಕ್ರಕ್ಕೆ ಇಷ್ಟು ಭಾರ ಬೇಡ.

ಗಡಿಯ ಪ್ರಶ್ನೆಗೆ ನಾನು ಹೆಚ್ಚು ಸಮಯ ಕೊಟ್ಟಿದ್ದೇನೆ. ಬೆರಳು ಬಿಂದುವಲ್ಲ, ಅದೊಂದು ಹರಡಿದ ಮಚ್ಚೆ, ಅದರ ನಡುವನ್ನು ಪರದೆ ಬಿಂದುವೆಂದು ವರದಿ ಮಾಡುತ್ತದೆ. ಮಣ್ಣಿನ ಕೆಲಸದ ದಪ್ಪ ಹೆಬ್ಬೆರಳು ಪುಷ್ಯ, ಆಶ್ಲೇಷಗಳ ನಡುವಿನ ಗಡಿಗೆರೆಯ ಮೇಲೆ ನಿಂತಾಗ ಆ ನಡು ಸುಮ್ಮನಿದ್ದರೂ ತುಸು ಅತ್ತಿತ್ತ ನಡುಗುತ್ತಿರುತ್ತದೆ, ಹನಿ ಬಿದ್ದು ಪರದೆ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ಪರಿಣಾಮವಾಗಿ ನಡುಬಿಲ್ಲೆಯಲ್ಲಿನ ಹೆಸರು ಪುಷ್ಯ, ಆಶ್ಲೇಷ, ಪುಷ್ಯ ಎಂದು ಮಿನುಗತೊಡಗುತ್ತದೆ. ಒಮ್ಮೆ ಒಂದು ಭಾಗ ಆಯ್ಕೆಯಾದ ಮೇಲೆ ಬೆರಳು ಅದರ ಗಡಿಯನ್ನು ನಾಲ್ಕು ಡಿಗ್ರಿ ದಾಟುವವರೆಗೂ ಅದನ್ನೇ ಉಳಿಸಿಕೊಳ್ಳಬೇಕೆಂಬ ನಿಯಮ ಹಾಕಿದರೆ ಈ ಮಿನುಗಾಟ ನಿಲ್ಲುತ್ತದೆ. ಅದಕ್ಕೆ ಆಯ್ದ ಭಾಗದ ನಡುಗೆರೆಗೂ ಬೆರಳಿನ ಕೋನಕ್ಕೂ ಇರುವ ವ್ಯತ್ಯಾಸ 19 ಡಿಗ್ರಿಯನ್ನು ಮೀರಿತೇ ಎಂದು ನೋಡಬೇಕು. ಆ ವ್ಯತ್ಯಾಸವನ್ನೂ ಸುಮ್ಮನೆ ಕಳೆದು ಪಡೆಯುವಂತಿಲ್ಲ: ನೆತ್ತಿಯ ಎಡಬಲದಲ್ಲಿರುವ 359 ಮತ್ತು 1ರ ನಡುವಿನ ದೂರ 2 ಡಿಗ್ರಿಯೇ ಹೊರತು 358 ಅಲ್ಲ. ವ್ಯತ್ಯಾಸಕ್ಕೆ 540 ಕೂಡಿಸಿ, 360ರ ಶೇಷ ತೆಗೆದು, 180 ಕಳೆದರೆ ಋಣ 180ರಿಂದ ಧನ 180ರೊಳಗಿನ ನಿಜವಾದ ವ್ಯತ್ಯಾಸ ಸಿಗುತ್ತದೆ. 2004ರ ಐಪಾಡ್ ಮಿನಿಯ ಸ್ಪರ್ಶ ಚಕ್ರದಂಥ ನಿಯಂತ್ರಣಗಳಲ್ಲಿ, ಬೆರಳನ್ನು ಸುತ್ತುವಾಗ ಅದು ಎಲ್ಲಿದೆ ಎಂಬುದಕ್ಕಿಂತ ಎಷ್ಟು ಸುತ್ತಿತು ಎಂಬುದೇ ಮುಖ್ಯವಾದ್ದರಿಂದ ಅಲ್ಲಂತೂ ಈ ಸೂತ್ರವೇ ಇಡೀ ಲೆಕ್ಕ.

ಆಯ್ಕೆ ಖಾಯಂ ಆಗಬೇಕಾದದ್ದು ಬೆರಳು ಇಟ್ಟಾಗಲೋ ಎತ್ತಿದಾಗಲೋ? ನನ್ನ ಮತ ಎತ್ತಿದಾಗ ಎಂಬುದೇ. ಇಟ್ಟಾಗ ಹೆಸರು ಕಾಣಬೇಕು, ತಪ್ಪಿದ್ದರೆ ಜಾರಿಸಿ ಸರಿಪಡಿಸಲು ಅವಕಾಶವಿರಬೇಕು, ಎತ್ತಿದಾಗ ಬರೆದುಕೊಳ್ಳಬೇಕು. ಹಾಗೆ ಎತ್ತುವಾಗ ಬೆರಳು ಹೊರಳಿ ಮಚ್ಚೆಯ ನಡು ಒಂದಿಷ್ಟು ಸರಿಯುತ್ತದೆ. ಮೇಲೆ ಹೇಳಿದ ನಾಲ್ಕು ಡಿಗ್ರಿಯ ಸಡಿಲು ಅಲ್ಲಿಯೂ ಕಾಪಾಡುತ್ತದೆ. ಸ್ಪರ್ಶ ಪಟ್ಟಿಯೊಳಗೆ ಆರಂಭವಾಗಿ ಬೆರಳು ಹೊರಗೆ ಜಾರಿದ್ದರೆ ಅದನ್ನು ರದ್ದುಮಾಡಬಾರದು, ಕೋನವನ್ನು ಮಾತ್ರ ನೋಡಬೇಕು. ವೃತ್ತಾಕಾರದ ಮೆನುಗಳನ್ನು ಸಾಲು ಮೆನುಗಳೊಂದಿಗೆ ಹೋಲಿಸಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ನಡೆದು 1988ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವೃತ್ತದ ಮೆನುಗಳು ಮೇಲುಗೈ ಪಡೆದಿದ್ದವು. ದಿಕ್ಕು ಸರಿಯಿದ್ದರೆ ಎಷ್ಟು ದೂರ ಹೋದರೂ ಗುರಿ ತಪ್ಪುವುದಿಲ್ಲ ಎಂಬುದು ಅವುಗಳ ದೊಡ್ಡ ಅನುಕೂಲ. ಅದನ್ನು ಕೈಯಾರೆ ಕಳೆದುಕೊಳ್ಳಬೇಕಾಗಿಲ್ಲ. ಬೇಡವೆನಿಸಿದರೆ ಬೆರಳನ್ನು ನಡುಬಿಲ್ಲೆಗೆ ತಂದು ಎತ್ತಲಿ, ಅದೇ ರದ್ದು. ಚೌಕದ ನಾಲ್ಕು ಮೂಲೆಗಳಲ್ಲಿ ಆರಂಭವಾದ ಸ್ಪರ್ಶವನ್ನು ಮಾತ್ರ ಚಕ್ರ ತನ್ನದೆಂದು ಹೇಳಿಕೊಳ್ಳಬಾರದು, ಏಕೆಂದರೆ ಪುಟವನ್ನು ಮೇಲೆ ಸರಿಸಲು ಬಂದ ಹೆಬ್ಬೆರಳು ಸಾಮಾನ್ಯವಾಗಿ ಬೀಳುವುದು ಅಲ್ಲೇ.

ಇನ್ನು ಬೆರಳಿನ ಜಾಗದಿಂದ ಭಾಗದ ಕ್ರಮಸಂಖ್ಯೆಯನ್ನು ಹೇಳುವ ಈ ಫಲನವನ್ನು ಯಾರು ಯಾರು ಕೇಳುತ್ತಾರೆಂಬ ವಿಚಾರ. ಬಿಡಿಸುವ ಭಾಗ ಅದರ ವಿಲೋಮವನ್ನು ಕೇಳುತ್ತದೆ: ಕ್ರಮಸಂಖ್ಯೆಯನ್ನು 30ರಿಂದ ಗುಣಿಸಿ, ಆ ಕೋನದ ಸೈನನ್ನು ತ್ರಿಜ್ಯದಿಂದ ಗುಣಿಸಿ ಕೇಂದ್ರದ ಅಡ್ಡ ಬೆಲೆಗೆ ಕೂಡಿಸಿದರೆ, ಕೊಸೈನನ್ನು ಗುಣಿಸಿ ಲಂಬ ಬೆಲೆಯಿಂದ ಕಳೆದರೆ ಹೆಸರು ಬರೆಯುವ ಜಾಗ ಸಿಗುತ್ತದೆ. ಹೆಸರುಗಳನ್ನು ಚಕ್ರದ ಜೊತೆ ಓರೆಯಾಗಿಸದೆ ನೇರವಾಗಿಯೇ ಬರೆದಿದ್ದೇನೆ. ತಲೆಕೆಳಗಾದ ಒತ್ತಕ್ಷರಗಳನ್ನು ಬಿಸಿಲಲ್ಲಿ ನಿಂತು ಯಾರೂ ಓದಲಾರರು. ಸ್ಪರ್ಶದ ಭಾಗ ನೇರ ಫಲನವನ್ನು ಕೇಳುತ್ತದೆ. ಮೂರನೆಯದಾಗಿ, ಪರದೆಯಲ್ಲಿರುವುದನ್ನು ಓದಿ ಹೇಳುವ ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಕೇಳುತ್ತದೆ. ಕಣ್ಣು ಕಾಣದವರ ಪಾಲಿಗೆ ನಮ್ಮ ಇಡೀ ಚಕ್ರ ಒಂದೇ ಗುಂಡಿ. ಒಳಗಿನ ಹನ್ನೆರಡು ಭಾಗಗಳನ್ನು ಕಾಲ್ಪನಿಕ ಘಟಕಗಳೆಂದು ಘೋಷಿಸಿದರೆ, ಬೆರಳು ಇಂಥ ಜಾಗದಲ್ಲಿದೆ, ಇದು ಯಾವ ಘಟಕ ಎಂದು ಆಂಡ್ರಾಯ್ಡ್ ನಮ್ಮನ್ನೇ ಕೇಳುತ್ತದೆ, ನಾವು ಅದೇ ಫಲನದ ಉತ್ತರವನ್ನು ಮರಳಿಸಿದರೆ ಅದು ‘ಚಿತ್ತಾ ಮಳೆ’ ಎಂದು ಓದಿ ಹೇಳುತ್ತದೆ. ಮೂವರಿಗೂ ಬೇರೆಬೇರೆ ಲೆಕ್ಕ ಬರೆದಿದ್ದರೆ ಕಣ್ಣಿಗೆ ಕಾಣುವ ಹೆಸರು ಒಂದು, ಕಿವಿಗೆ ಬೀಳುವುದು ಇನ್ನೊಂದು ಆಗಲು ಒಂದು ಋಣಚಿಹ್ನೆ ಸಾಕು.

ಪರೀಕ್ಷೆಯೂ ಈ ಜೋಡಿಯಿಂದಲೇ ಹುಟ್ಟುತ್ತದೆ. ಸೊನ್ನೆಯಿಂದ ಹನ್ನೊಂದರವರೆಗೆ ಪ್ರತಿ ಭಾಗದ ನಡುಬಿಂದುವನ್ನು ವಿಲೋಮ ಫಲನದಿಂದ ಪಡೆದು ನೇರ ಫಲನಕ್ಕೆ ಕೊಟ್ಟರೆ ಹೊರಟ ಸಂಖ್ಯೆಯೇ ಮರಳಿ ಬರಬೇಕು. ಅದೇ ಬಿಂದುವನ್ನು ಗಡಿಯ ಎರಡೂ ಬದಿಗೆ ಒಂದೊಂದು ಡಿಗ್ರಿ ಸರಿಸಿ, ಒಳ ತ್ರಿಜ್ಯ ಹೊರ ತ್ರಿಜ್ಯಗಳ ಆಚೆ ಈಚೆ ಇಟ್ಟು, ನೆತ್ತಿಗೆ ಕೂದಲೆಳೆಯಷ್ಟು ಎಡಕ್ಕೆ ತಂದು ಮತ್ತೆ ಕೇಳಬೇಕು. ಎರಡೂ ಫಲನಗಳಲ್ಲಿ ಒಂದೇ ಬಗೆಯ ತಪ್ಪಿದ್ದರೆ ಈ ಪರೀಕ್ಷೆ ಅದನ್ನು ಹಿಡಿಯಲಾರದು. ಸುತ್ತು ತಿರುವುಮುರುವಾಗಿದ್ದರೂ ಸಂಖ್ಯೆ ಸರಿಯಾಗಿಯೇ ಮರಳುತ್ತದೆ. ಆದ್ದರಿಂದ ಕೇಂದ್ರದ ನೇರ ಬಲಕ್ಕಿರುವ ಬಿಂದು ಮೂರನೆಯ ಸಂಖ್ಯೆಯಾಗಬೇಕು, ಅಂದರೆ ಪುನರ್ವಸು ಬರಬೇಕು, ಎಂಬ ಒಂದು ಸಾಲನ್ನು ಕೈಯಿಂದಲೇ ಬರೆದು ಪರೀಕ್ಷೆಗಳ ಮೊದಲಿಗೆ ಇಟ್ಟಿದ್ದೇನೆ.